ನಮ್ಮಲ್ಲಿ ಸಮಾಲೋಚನೆ ಪಡೆಯುತ್ತಿರುವ ವಿದ್ಯಾರ್ಥಿಗಳಿಗೂ ಅವರ ಪೋಷಕರಿಗೂ: ಬೇಸಿಗೆ ರಜೆಯಿಂದ ಜಾರಿಯಾಗುವ ಬದಲಾವಣೆ

ಮಾನ್ಯರೇ,

ಷಿಕಾಗೋದಿಂದ ಕನ್ನಡದಲ್ಲಿ ಮಾನಸಿಕ ಸಮಾಲೋಚನೆ ನೀಡುವ ನಮ್ಮ ಸಹಕಾರಿಯಲ್ಲಿ ಬರುವ ಬೇಸಿಗೆ ರಜೆಯಿಂದ, ಭೇಟಿಯ ಹೊತ್ತಿಗೆ ವಿದ್ಯಾರ್ಥಿಯು ಅಮೆರಿಕದ ಯಾವ ರಾಜ್ಯದಲ್ಲಿ ಕುಳಿತಿರುತ್ತಾರೋ ಆ ರಾಜ್ಯದಲ್ಲಿ ವೃತ್ತಿ ನಡೆಸುವ ಅಧಿಕಾರ ನಮ್ಮ ಸಮಾಲೋಚಕರಿಗೆ ಇದ್ದರೆ ಮಾತ್ರ ವಿಡಿಯೊ ಸಮಾಲೋಚನೆ ನಡೆಯುತ್ತದೆ. ಪ್ರತಿ ಭೇಟಿಯ ಆರಂಭದಲ್ಲಿ ನೀವಿರುವ ವಿಳಾಸವನ್ನು ಕೇಳಿ ಬರೆದುಕೊಳ್ಳುತ್ತೇವೆ. ಶುಲ್ಕವೂ ಸ್ವಲ್ಪ ಏರುತ್ತದೆ. ಪರೀಕ್ಷೆಯ ಒತ್ತಡದಲ್ಲಿರುವಾಗಲೇ ಈ ಪತ್ರ ನಿಮ್ಮ ಕೈಸೇರುತ್ತಿರುವುದಕ್ಕೆ ಕ್ಷಮೆ ಕೋರುತ್ತೇವೆ.

ವಿಷಯ ತಿಳಿದವರೆಲ್ಲ ಕೇಳಿರುವುದು ಒಂದೇ ಪ್ರಶ್ನೆ: ಅದೇ ಸಮಾಲೋಚಕರು, ಅದೇ ಲ್ಯಾಪ್‌ಟಾಪು, ಅದೇ ಕನ್ನಡ, ಮಗಳು ಇಲಿನಾಯ್‌ನ ಅರ್ಬಾನಾದಿಂದ ಇಂಟರ್ನ್‌ಶಿಪ್‌ಗೆಂದು ಕ್ಯಾಲಿಫೋರ್ನಿಯಾದ ಫ್ರೀಮಾಂಟ್‌ಗೆ ಹೋದ ಮಾತ್ರಕ್ಕೆ ಬದಲಾದದ್ದೇನು? ಬದಲಾದದ್ದು ಕಾನೂನು. ಅಮೆರಿಕದಲ್ಲಿ ಮಾನಸಿಕ ಆರೋಗ್ಯ ಸೇವೆಯ ಪರವಾನಗಿಯನ್ನು ಕೊಡುವುದು ಒಕ್ಕೂಟ ಸರ್ಕಾರವಲ್ಲ, ಆಯಾ ರಾಜ್ಯದ ಮಂಡಳಿ. ಮತ್ತು ಚಿಕಿತ್ಸೆ ನಡೆಯುವ ಸ್ಥಳವೆಂದು ಕಾನೂನು ಪರಿಗಣಿಸುವುದು ನಾವಿರುವ ಷಿಕಾಗೋವನ್ನಲ್ಲ, ನೀವಿರುವ ಕೋಣೆಯನ್ನು. 2020ರಲ್ಲಿ ಕೋವಿಡ್ ಕಾರಣಕ್ಕೆ ಅನೇಕ ರಾಜ್ಯಗಳು ತುರ್ತು ಆದೇಶ ಹೊರಡಿಸಿ ಈ ಕಟ್ಟುಪಾಡನ್ನು ಸಡಿಲಿಸಿದ್ದವು. ಆ ಆದೇಶಗಳು ಒಂದೊಂದಾಗಿ ಮುಗಿದುಹೋಗಿದ್ದರೂ ಆ ದಿನಗಳ ಸಡಿಲಿಕೆಯೇ ಸಹಜ ಸ್ಥಿತಿಯೆಂಬ ಭಾವನೆ ಉಳಿದುಕೊಂಡಿದೆ.

ವಿಳಾಸ ಕೇಳುವುದು ಪೊಲೀಸರ ವಿಚಾರಣೆಯಂತಿದೆ ಎಂದು ಕೆಲವರು ನೊಂದುಕೊಂಡಿದ್ದಾರೆ. ಪ್ರಾಣಕ್ಕೆ ಅಪಾಯವಿದೆ ಎನ್ನಿಸುವ ಮಾತನ್ನು ವಿದ್ಯಾರ್ಥಿಯೊಬ್ಬರು ಆಡಿದಾಗ ನಾವು ಇಲ್ಲಿಂದ ತುರ್ತು ಸಹಾಯದ ಸಂಖ್ಯೆ 911ಕ್ಕೆ ಕರೆ ಮಾಡಿದರೆ ಅದು ತಲುಪುವುದು ನಮ್ಮೂರಿನ ಕೇಂದ್ರಕ್ಕೆ, ಅವರ ಊರಿನ ಕೇಂದ್ರಕ್ಕಲ್ಲ. ಯಾವ ಸಂದರ್ಭದಲ್ಲಿ ವ್ಯಕ್ತಿಯ ಒಪ್ಪಿಗೆ ಇಲ್ಲದೆ ಆಸ್ಪತ್ರೆಗೆ ಸೇರಿಸಬಹುದು, ಯಾರಿಗೆ ಎಚ್ಚರಿಕೆ ಕೊಡಬೇಕು ಎಂಬ ನಿಯಮಗಳೂ ರಾಜ್ಯದಿಂದ ರಾಜ್ಯಕ್ಕೆ ಬೇರೆ. ಆ ಗಳಿಗೆಯಲ್ಲಿ ವಿಳಾಸ ಹುಡುಕುತ್ತಾ ಕೂರುವುದಕ್ಕೆ ನಾವು ಸಿದ್ಧರಿಲ್ಲ, ಆದ್ದರಿಂದ ಕೇಳಿಯೇ ಕೇಳುತ್ತೇವೆ.

ಒಂದು ರಾಜ್ಯದ ಪರವಾನಗಿ ಇರುವವರು ಇನ್ನೊಂದರಲ್ಲಿರುವವರಿಗೂ ಸೇವೆ ಕೊಡಲು ರಾಜ್ಯಗಳ ನಡುವೆ ಒಪ್ಪಂದವಿದೆಯಲ್ಲವೇ ಎಂದೂ ಕೇಳಿದ್ದೀರಿ. ಇದೆ. 2016ರಲ್ಲಿ ಅರಿಜೋನಾ ಮೊದಲು ಅಂಗೀಕರಿಸಿದ, 2020ರಿಂದ ಬಳಕೆಗೆ ಬಂದ ಸೈಪ್ಯಾಕ್ಟ್ ಎಂಬ ಒಪ್ಪಂದದಲ್ಲಿ ಈಗ 40ಕ್ಕೂ ಹೆಚ್ಚು ರಾಜ್ಯಗಳಿವೆ, ಇಲಿನಾಯ್ ಕೂಡ ಅವುಗಳಲ್ಲೊಂದು. ಆದರೆ ಅದು ಡಾಕ್ಟರೇಟ್ ಪಡೆದ ಮನಶ್ಶಾಸ್ತ್ರಜ್ಞರಿಗೆ ಮಾತ್ರ ಅನ್ವಯಿಸುತ್ತದೆ, ಮತ್ತು ನಮ್ಮ ವಿದ್ಯಾರ್ಥಿಗಳು ರಜೆಯಲ್ಲಿ ಹೆಚ್ಚಾಗಿ ಹೋಗುವ ಕ್ಯಾಲಿಫೋರ್ನಿಯಾ, ನ್ಯೂಯಾರ್ಕ್‌ಗಳೆರಡೂ ಅದರ ಹೊರಗಿವೆ. ಹೊರರಾಜ್ಯದ ಮನಶ್ಶಾಸ್ತ್ರಜ್ಞರಿಗೆ ಕ್ಯಾಲಿಫೋರ್ನಿಯಾ ವರ್ಷಕ್ಕೆ 30 ದಿನ ಮೀರದಂತೆ ಸೇವೆ ಸಲ್ಲಿಸಲು ಬಿಡುತ್ತದೆ. ಆ ದಿನಗಳನ್ನು ತೀರಾ ಅಗತ್ಯವಿರುವವರಿಗೆ ಮೀಸಲಿಡುತ್ತೇವೆ. ಸ್ನಾತಕೋತ್ತರ ಪದವಿಯ ಸಮಾಲೋಚಕರಿಗಾಗಿ ಇರುವ ಇನ್ನೊಂದು ಒಪ್ಪಂದಕ್ಕೆ ಬೇಕಿದ್ದ ಹತ್ತು ರಾಜ್ಯಗಳ ಸಮ್ಮತಿ 2022ರಲ್ಲೇ ದೊರೆತಿದ್ದರೂ, ಅನುಮತಿ ಕೊಡುವ ಕೆಲಸ ಶುರುವಾದದ್ದು 2025ರ ಕೊನೆಯ ಭಾಗದಲ್ಲಿ, ಅದೂ ಬೆರಳೆಣಿಕೆಯ ರಾಜ್ಯಗಳಲ್ಲಿ.

ಇನ್ನು ಶುಲ್ಕ. ವಿಡಿಯೊ ಎಂದ ಮೇಲೆ ಕೋಣೆಯ ಬಾಡಿಗೆಯೂ ಇಲ್ಲ, ಖರ್ಚೇನಿದೆ ಎಂಬ ಮಾತು ನಮ್ಮ ಕಿವಿಗೆ ಬಿದ್ದಿದೆ, ಮತ್ತು ಅದು ನಮಗೆ ನೋವುಂಟುಮಾಡಿದೆ ಎಂಬುದನ್ನು ಮುಚ್ಚಿಡುವುದಿಲ್ಲ. ಹೊಸದೊಂದು ರಾಜ್ಯದ ಪರವಾನಗಿ ಬೇಕೆಂದರೆ ಅರ್ಜಿ ಶುಲ್ಕ, ಹಲವೆಡೆ ಬೆರಳಚ್ಚು ತಪಾಸಣೆ ಹಾಗೂ ಆ ರಾಜ್ಯದ ಕಾನೂನಿನ ಪರೀಕ್ಷೆ. ಸಿಕ್ಕ ಮೇಲೆ ಕಾಲಕಾಲಕ್ಕೆ ನವೀಕರಣ, ಮುಂದುವರಿಕೆ ತರಬೇತಿಯ ಗಂಟೆಗಳು. ಒಪ್ಪಂದದ ಅನುಮತಿಗೂ ಬೇರೆಯೇ ಶುಲ್ಕ. ಇವೆಲ್ಲದರ ಮೇಲೆ ವೃತ್ತಿ ಹೊಣೆಗಾರಿಕೆ ವಿಮೆಯ ಕಂತು. ದೊಡ್ಡ ಆ್ಯಪ್ ಕಂಪನಿಗಳು ಈ ವೆಚ್ಚವನ್ನು ಲಕ್ಷಾಂತರ ಬಳಕೆದಾರರ ಮೇಲೆ ಹಂಚಿಬಿಡುತ್ತವೆ. ನಮ್ಮಂಥ ಸಣ್ಣ ಸಹಕಾರಿಯಲ್ಲಿ ಅದನ್ನು ಹೊರುವವರು ಸದಸ್ಯರೇ. ಅಜ್ಜಿ ತೀರಿಕೊಂಡ ಸುದ್ದಿಯನ್ನೋ ಸಂಬಂಧ ಮುರಿದುಬಿದ್ದ ಸಂಕಟವನ್ನೋ ಕನ್ನಡದಲ್ಲೇ ಹೇಳಿಕೊಳ್ಳಬೇಕೆನ್ನಿಸುವ ವಿದ್ಯಾರ್ಥಿಗೆ, ಆ ಮಾತನ್ನು ಹಾಗೆಯೇ ಅರ್ಥಮಾಡಿಕೊಳ್ಳುವ ಸಮಾಲೋಚಕರು ಸಿಗುತ್ತಾರೆಂಬ ಹೆಮ್ಮೆ ನಮಗಿದೆ, ಅದಕ್ಕೆ ಬೆಲೆಯನ್ನೂ ತೆರುತ್ತಿದ್ದೇವೆ.

ರಜೆಗೆ ಬೆಂಗಳೂರಿಗೋ ಹುಬ್ಬಳ್ಳಿಗೋ ಬರುವವರಿಗೂ ನಮ್ಮ ಭೇಟಿಗಳು ಆ ಅವಧಿಯಲ್ಲಿ ಇರುವುದಿಲ್ಲ, ನಮ್ಮ ವಿಮೆ ಅಲ್ಲಿಗೆ ಅನ್ವಯಿಸುವುದಿಲ್ಲ. ಭಾರತದಲ್ಲಿ ಟೆಲಿ ಮಾನಸ್ ಸಹಾಯವಾಣಿ 14416ರಲ್ಲಿ ಕನ್ನಡದಲ್ಲೇ ಮಾತನಾಡಬಹುದು. ಬೆಂಗಳೂರಿನಲ್ಲಿ ನಿಮ್ಹಾನ್ಸ್ ಇದ್ದೇ ಇದೆ. ಅಮೆರಿಕದ ಯಾವ ರಾಜ್ಯದಲ್ಲಿದ್ದರೂ ಮಾನಸಿಕ ಬಿಕ್ಕಟ್ಟಿನ ಸಹಾಯವಾಣಿ 988ಕ್ಕೆ ಕರೆ ಅಥವಾ ಸಂದೇಶ ಕಳುಹಿಸಬಹುದು. ಪೋಷಕರಲ್ಲಿ ಒಂದು ವಿನಂತಿ: ಶುಲ್ಕ ಕಟ್ಟುವವರು ನೀವಾದರೂ, 18 ತುಂಬಿದ ವಿದ್ಯಾರ್ಥಿಯ ಒಪ್ಪಿಗೆಯಿಲ್ಲದೆ ಭೇಟಿಯ ವಿವರಗಳನ್ನು ನಾವು ಹೇಳಲಾಗದು.

ಪ್ರಯಾಣದ ಟಿಕೆಟ್ ಕಾಯ್ದಿರಿಸುವ ಮುನ್ನ ನಿಮ್ಮ ಸಮಾಲೋಚಕರಿಗೆ ತಿಳಿಸಿ. ನೀವು ಹೋಗುವ ರಾಜ್ಯದಲ್ಲಿ ನಮಗೆ ಅಧಿಕಾರವಿಲ್ಲದಿದ್ದರೆ, ನಿಮ್ಮ ಲಿಖಿತ ಒಪ್ಪಿಗೆ ಪಡೆದು, ಅಲ್ಲಿನ ಸಮಾಲೋಚಕರೊಬ್ಬರೊಂದಿಗೆ ನಿಮ್ಮ ಸಮಾಲೋಚಕರೇ ಖುದ್ದಾಗಿ ಮಾತನಾಡುತ್ತಾರೆ. ಕಾಲೇಜು ಮತ್ತೆ ತೆರೆದಾಗ ನಿಮ್ಮ ವಾರ, ನಿಮ್ಮ ವೇಳೆ ನಿಮ್ಮ ಹೆಸರಿನಲ್ಲಿಯೇ ಇರುತ್ತದೆ, ಕಾಯ್ದಿರಿಸಿದ್ದಕ್ಕೆ ಶುಲ್ಕವಿಲ್ಲ.

ಇತಿ ನಿಮ್ಮ ವಿಶ್ವಾಸಿಗಳು,
ಸಹಕಾರಿಯ ಎಲ್ಲ ಸಮಾಲೋಚಕರ ಪರವಾಗಿ