ಲೈವ್ ಲೊಕೇಶನ್ ಜಗಳ: ಮಗಳಿಗೊಂದು ಪತ್ರ

ಪುಟ್ಟಿ,

ಮೊಬೈಲಿನಲ್ಲಿ ಲೊಕೇಶನ್ ಸದಾ ತೋರಿಸುವ ಆ್ಯಪ್ ಹಾಕಿಕೋ ಅಂತ ಅಮ್ಮ ಹಟ ಹಿಡಿದಳು, ನೀನು ಸಿಡುಕಿದೆ, ಈಗ ಇಬ್ಬರೂ ಮಾತು ಬಿಟ್ಟಿದ್ದೀರಿ. ಈ ಜಗಳದಲ್ಲಿ ನಾನು ನಿನ್ನ ಕಡೆ. ಮಳೆಗೆ ಇಲ್ಲಿ ಸಿಗ್ನಲ್ ಸರಿಯಿಲ್ಲ, ಅದಕ್ಕೇ ಬರೆಯುತ್ತಿದ್ದೇನೆ.

"ನಿಮ್ಮ ಕಾಲದಲ್ಲಿ ಫೋನ್ ಕದ್ದು ಕೇಳ್ತಾರೆ ಅಂತ ಗೊತ್ತಿತ್ತಾ?" ಎಂದು ಕೇಳಿದ್ದೆಯಲ್ಲ. ಗೊತ್ತಿಲ್ಲದೆ ಏನು! ಮೂಡಿಗೆರೆಯಿಂದ ಟ್ರಂಕ್ ಕಾಲ್ ಬುಕ್ ಮಾಡಿ ಕಾಯುತ್ತಿದ್ದ ಕಾಲದಲ್ಲಿ, ಲೈನಿನಲ್ಲಿ ಆಪರೇಟರ್ ಇರಬಹುದು ಎಂದುಕೊಂಡೇ ಮಾತಾಡುತ್ತಿದ್ದೆವು. ಹೆಣ್ಣು ನೋಡುವ ವಿಷಯವೋ ಸಾಲದ ವಿಷಯವೋ ಬಂದರೆ ನಿನ್ನ ಅಜ್ಜ "ಉಳಿದದ್ದು ಕಾಗದ ಬರೀತೀನಿ" ಅಂತ ಫೋನ್ ಇಟ್ಟುಬಿಡುತ್ತಿದ್ದರು. ಆಮೇಲೆ 1988ರ ಆಗಸ್ಟಿನಲ್ಲಿ ಫೋನ್ ಕದ್ದಾಲಿಕೆ ಆರೋಪದ ಗಲಾಟೆಯಲ್ಲಿ ರಾಮಕೃಷ್ಣ ಹೆಗಡೆ ಮುಖ್ಯಮಂತ್ರಿ ಕುರ್ಚಿಯನ್ನೇ ಬಿಟ್ಟರು. ಊರಲ್ಲೆಲ್ಲ ಅದೇ ಮಾತು. ಆದರೂ "ದೊಡ್ಡವರ ಫೋನ್ ತಾನೆ, ನಮ್ದು ಯಾರಿಗೆ ಬೇಕು" ಅಂತ ಸುಮ್ಮನಾದೆವು. ಆಗ ಅದು ತಪ್ಪೂ ಅಲ್ಲ ಬಿಡು. ಒಬ್ಬರ ಮಾತು ಕೇಳಬೇಕಾದರೆ ಇನ್ನೊಬ್ಬರು ಕಿವಿಗೊಟ್ಟು ಕೂರಬೇಕಿತ್ತು, ಊರಿಗೆ ಊರನ್ನೇ ಸಂಬಳ ಕೊಟ್ಟು ಕೇಳಿಸುವುದು ಯಾವ ಸರ್ಕಾರಕ್ಕೆ ಸಾಧ್ಯ?

ಕಂಪ್ಯೂಟರ್ ಬಂದು ಈ ಲೆಕ್ಕ ಕೆಡಿಸಿತು. ಅದಕ್ಕೆ ಕೂತು ಕೇಳುವ ಕೆಲಸವೇ ಇಲ್ಲ, ಎಲ್ಲರದ್ದೂ ಬರೆದಿಟ್ಟುಕೊಂಡರೆ ಸಾಕು, ಬೇಕಾದ ದಿನ ಹುಡುಕಿದರಾಯಿತು. ಇದನ್ನು ಬೇಗ ಕಂಡವರೂ ಇದ್ದರು. ಬೇರೆ ಬೇರೆ ಇಲಾಖೆಗಳ ಮಾಹಿತಿಯನ್ನೆಲ್ಲ ಒಂದೇ ಕಡೆ ಕಂಪ್ಯೂಟರಿಗೆ ಸೇರಿಸುವ ಯೋಜನೆ ಅಮೆರಿಕದಲ್ಲಿ ಬಂದಾಗ, 1966ರಲ್ಲೇ ಅಲ್ಲಿನ ಸಂಸತ್ತಿನಲ್ಲಿ ಅದರ ವಿಚಾರಣೆ ನಡೆದು, ಕೊನೆಗೆ ಯೋಜನೆ ಬಿದ್ದುಹೋಯಿತು. ಜರ್ಮನಿಯ ಹೆಸ್ಸೆ ರಾಜ್ಯ 1970ರಲ್ಲಿ ಇಂಥ ಮಾಹಿತಿಯನ್ನು ಕಾಪಾಡಲೆಂದೇ ಕಾನೂನು ಮಾಡಿತು, ಜಗತ್ತಿನಲ್ಲೇ ಮೊದಲನೆಯದು. ನಮ್ಮ ಮನೆಗೆ ಫೋನೇ ಇರಲಿಲ್ಲ ಆಗ.

ನಮ್ಮಂಥವರಿಗೆ ಬಿಸಿ ತಟ್ಟಿದ್ದು 2013ರ ಜೂನಿನಲ್ಲಿ, ಅಮೆರಿಕದ ಗುಪ್ತಚರ ಸಂಸ್ಥೆಗೆ ಕೆಲಸ ಮಾಡುತ್ತಿದ್ದ ಸ್ನೋಡೆನ್ ಅದರ ಗುಟ್ಟನ್ನು ಬಾಯಿಬಿಟ್ಟಾಗ. ಅಮೆರಿಕದ ಒಂದು ದೊಡ್ಡ ಫೋನ್ ಕಂಪನಿ ತನ್ನ ಲಕ್ಷಗಟ್ಟಲೆ ಗಿರಾಕಿಗಳ ಕರೆಗಳ ವಿವರವನ್ನು ದಿನದಿನವೂ ಸರ್ಕಾರಕ್ಕೆ ಕೊಡುತ್ತಿತ್ತು. ಆಡಿದ ಮಾತಲ್ಲ. ಯಾರು ಯಾರಿಗೆ, ಎಷ್ಟು ಹೊತ್ತಿಗೆ, ಎಷ್ಟು ಹೊತ್ತು, ಅಷ್ಟೇ. ಅಷ್ಟೇನಾ ಅನ್ನಿಸುತ್ತದೆ ಅಲ್ವಾ? ರಾತ್ರಿ ಎರಡು ಗಂಟೆಗೆ ಒಬ್ಬಳು ಡಾಕ್ಟರಿಗೆ, ಆಮೇಲೆ ಅಕ್ಕನಿಗೆ, ಆಮೇಲೆ ವಕೀಲರಿಗೆ ಫೋನ್ ಮಾಡಿದರೆ ಮಾತು ಕೇಳಲೇಬೇಕಾ? ಆ ಗುಪ್ತಚರ ಸಂಸ್ಥೆ ಭಾರತದಿಂದಲೂ ಆ ವರ್ಷದ ಮಾರ್ಚ್ ಒಂದೇ ತಿಂಗಳಲ್ಲಿ 630 ಕೋಟಿ ತುಣುಕು ಮಾಹಿತಿ ಸಂಗ್ರಹಿಸಿತ್ತು ಎಂದು ಪತ್ರಿಕೆಗಳಲ್ಲಿ ಬಂತು.

ಮೊನ್ನೆ ನನ್ನ ಮೊಬೈಲಿನ ಮ್ಯಾಪ್ ತೆರೆದು ಹಳೆಯ ಓಡಾಟ ನೋಡಿದೆ. ಚಿಕ್ಕಮಗಳೂರಿನ ಆಸ್ಪತ್ರೆ, ಹಾಸನದ ಬಸ್ ಸ್ಟ್ಯಾಂಡ್, ಅಮ್ಮನಿಗೆ ಹೇಳದೆ ಹೋಗಿದ್ದ ಬ್ಯಾಂಕ್, ಎಲ್ಲ ನೀಲಿ ಗೆರೆಯಲ್ಲಿ ನೀಟಾಗಿ ಕೂತಿತ್ತು. ಯಾರೂ ನನ್ನ ಹಿಂದೆ ಬಂದಿರಲಿಲ್ಲ. ನಾನೇ ಜೇಬಿನಲ್ಲಿ ಇಟ್ಟುಕೊಂಡು ಹೋಗಿದ್ದೆ, ಚಾರ್ಜ್ ಬೇರೆ ಹಾಕಿ!

"ಮುಚ್ಚಿಡುವಂಥದ್ದು ಏನಿದೆ ಅವಳಿಗೆ" ಅನ್ನುತ್ತಾಳೆ ಅಮ್ಮ. ಏನೂ ಇಲ್ಲದಿರಬಹುದು. ಇದ್ದರೂ ಅದು ನಿನ್ನದು. ಖಾಸಗಿತನ ಮೂಲಭೂತ ಹಕ್ಕು ಎಂದು ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳು 2017ರಲ್ಲಿ ಒಮ್ಮತದಿಂದ ಹೇಳಿದರಲ್ಲ, ಆ ಕೇಸು ಹಾಕಿದ ಪುಟ್ಟಸ್ವಾಮಿಯವರು ನಮ್ಮ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ, ಹಾಕಿದಾಗ ಎಂಬತ್ತು ದಾಟಿತ್ತು. ಸರ್ಕಾರಕ್ಕೆ ಬೇಡ ಅಂದದ್ದನ್ನು ಅಪ್ಪ ಅಮ್ಮ ಮಾಡಬಹುದಾ?

ಹಾಗಂತ ಅಮ್ಮನ ಭಯ ಸುಳ್ಳಲ್ಲ. ರಾತ್ರಿ ಕ್ಯಾಬ್ ಹತ್ತಿದರೆ ವಾಟ್ಸಾಪಿನಲ್ಲಿ ಒಂದು ಗಂಟೆಯ ಲೊಕೇಶನ್ ಕಳಿಸು, ಆಮೇಲೆ ತಾನಾಗೇ ನಿಲ್ಲುತ್ತದೆ. ಇಷ್ಟಕ್ಕೆ ಒಪ್ಪಿಸಿದ್ದೇನೆ, ಮುಖ ಊದಿಸಿಕೊಂಡೇ ಒಪ್ಪಿದಳು. ಫೋನ್ ಮಾತ್ರ ನೀನೇ ಮೊದಲು ಮಾಡು, ಅವಳು ಮಾಡಲ್ಲ.

ಅಪ್ಪ