ಆ ಕೆಂಪು ಕ್ಯಾಲ್ಸಿಯಂನದಲ್ಲ

ಮಾನ್ಯ ಸಂಪಾದಕರೇ,

ವಿಜ್ಞಾನ ಪುಟದಲ್ಲಿ ಬಂದ ಜೀವಕೋಶದ ಚಿತ್ರ ಸೊಗಸಾಗಿತ್ತು. ಅದರ ಅಡಿಬರಹದ ಬಗ್ಗೆ ಮಾತ್ರ ನನ್ನ ತಕರಾರು: 'ಕೆಂಪಗೆ ಹೊಳೆಯುತ್ತಿರುವುದು ಕ್ಯಾಲ್ಸಿಯಂ' ಎಂದಿದ್ದೀರಿ. ಕ್ಯಾಲ್ಸಿಯಂ ಅಯಾನಿಗೆ ಬಣ್ಣವೇ ಇಲ್ಲ. ಹೊಳೆದದ್ದು ಅದನ್ನು ಹಿಡಿಯಲೆಂದು ಕೋಶದೊಳಗೆ ಸೇರಿಸಿದ ಸಂವೇದಕ. ಕೆಂಪು, ನೀಲಿಯೆಲ್ಲ ಆಮೇಲೆ ಕಂಪ್ಯೂಟರ್ ಹಚ್ಚುವ ಬಣ್ಣ. ಇಂಥ ಸಂವೇದಕಗಳ ಮುಂದೆಯೇ ದಿನವಿಡೀ ಕೂರುವವನಾದ್ದರಿಂದ ಸುಮ್ಮನಿರಲಾಗಲಿಲ್ಲ.

ಹೊಳೆಯುವ ಮೂಲ ಪ್ರೋಟೀನು ಜೆಲ್ಲಿಮೀನಿನದು. 1997ರಲ್ಲಿ ವಿಜ್ಞಾನಿಗಳಾದ ಮಿಯಾವಾಕಿ, ರೋಜರ್ ಚೆನ್ ಮತ್ತು ಸಂಗಡಿಗರು ಅದರ ಎರಡು ಬಣ್ಣದ ರೂಪಗಳ ನಡುವೆ ಕ್ಯಾಲ್ಸಿಯಂ ಹಿಡಿಯುವ ಕ್ಯಾಲ್ಮಾಡ್ಯುಲಿನ್ ಎಂಬ ಪ್ರೋಟೀನನ್ನು ಪೋಣಿಸಿದರು. ಕ್ಯಾಲ್ಸಿಯಂ ಅಂಟಿದೊಡನೆ ಅದು ಮಡಚಿಕೊಳ್ಳುತ್ತದೆ, ತುದಿಗಳು ಹತ್ತಿರವಾಗುತ್ತವೆ, ಒಂದರ ಶಕ್ತಿ ಇನ್ನೊಂದಕ್ಕೆ ದಾಟುತ್ತದೆ. ಒಂದು ಬೆಳಕು ತಗ್ಗಿ ಮತ್ತೊಂದು ಏರುತ್ತದೆ. ನಮ್ಮ ಕೈಗೆ ಸಿಗುವುದು ಆ ಎರಡರ ಅನುಪಾತ, ಅಷ್ಟೇ.

ಅನುಪಾತವನ್ನು ಅಂಕಿಯಾಗಿಸುವುದೇ ನಿಜವಾದ ಪಡಿಪಾಟಲು. ವಿಶ್ರಾಂತ ಕೋಶದೊಳಗೆ ಕ್ಯಾಲ್ಸಿಯಂ ಸುಮಾರು 100 ನ್ಯಾನೊಮೋಲಾರ್, ಅಂದರೆ ತೀರಾ ಕಡಿಮೆ ಸಾಂದ್ರತೆ. ಹೊರಗೆ ಅದರ ಹತ್ತು ಸಾವಿರ ಪಟ್ಟು. ಬಿಗಿಯಾಗಿ ಹಿಡಿಯುವ ಸಂವೇದಕ ಬೇಗ ತುಂಬಿಹೋಗುತ್ತದೆ, ಆಮೇಲೆ ಎಷ್ಟು ಏರಿದರೂ ಅದಕ್ಕೆ ಗೊತ್ತಾಗದು. ಸಡಿಲವಾದದ್ದು ಸಣ್ಣ ಏರಿಳಿತವನ್ನು ಕಾಣುವುದೇ ಇಲ್ಲ. ಇನ್ನೊಂದು ಕಾಟವಿದೆ: ಸಂವೇದಕ ತಾನೇ ಕ್ಯಾಲ್ಸಿಯಂ ನುಂಗುತ್ತದಲ್ಲ! ಅದನ್ನು ಹೆಚ್ಚು ತುಂಬಿಸಿದರೆ ಕ್ಯಾಲ್ಸಿಯಂ ಏರಿಳಿತದ ಅಲೆಯೇ ತಗ್ಗುತ್ತದೆ, ನಿಧಾನವಾಗುತ್ತದೆ. ಕೋಶ ಆಮ್ಲೀಯವಾದರೆ ಹಲವು ಪ್ರೋಟೀನುಗಳ ಹೊಳಪೇ ಮಂಕಾಗುತ್ತದೆ. ಆಗ ಕ್ಯಾಲ್ಸಿಯಂ ಇಳಿಯಿತೆಂದು ಬರೆದುಕೊಂಡರೆ ಕೆಟ್ಟೆವು. ಅದಕ್ಕೇ ಪ್ರಯೋಗದ ಕೊನೆಗೆ ಕೋಶದೊಳಕ್ಕೆ ಕ್ಯಾಲ್ಸಿಯಂ ಬಿಡುವ ಅಯಾನೊಮೈಸಿನ್ ಹಾಕಿ ಗರಿಷ್ಠವನ್ನೂ, ಕ್ಯಾಲ್ಸಿಯಂ ಕಿತ್ತುಕೊಳ್ಳುವ ಇಜಿಟಿಎ ಹಾಕಿ ಕನಿಷ್ಠವನ್ನೂ ನೋಡುತ್ತೇವೆ. ಕ್ಯಾಲ್ಸಿಯಂ ಹಿಡಿಯದಂತೆ ಕೆಡಿಸಿದ ಸಂವೇದಕವನ್ನೂ ಪಕ್ಕದಲ್ಲಿಟ್ಟು ಹೋಲಿಸುತ್ತೇವೆ.

ಹಾಗಂತ ವಿಧಾನವನ್ನು ಹಳಿಯುತ್ತಿಲ್ಲ. ಕೋಶಗಳನ್ನು ಅರೆದು ಅಳೆದರೆ ಲಕ್ಷಾಂತರ ಕೋಶಗಳ ಸರಾಸರಿ ಸಿಗುತ್ತದೆ, ಸೆಕೆಂಡುಗಳಲ್ಲಿ ಎದ್ದು ಅಡಗುವ ಅಲೆ ಸಿಗುವುದಿಲ್ಲ. ಕೋಶದೊಳಗೆ ಸಂದೇಶ ಒಯ್ಯುವ ಇನ್ನೊಂದು ಅಣುವಾದ ಸೈಕ್ಲಿಕ್ ಎಎಂಪಿ ವಿಷಯದಲ್ಲೂ ಇದೇ ಕಥೆ: ಅಮೆರಿಕದ ವಿಜ್ಞಾನಿ ಸದರ್ಲ್ಯಾಂಡ್ ಅದನ್ನು ಕಂಡುಕೊಂಡದ್ದು ಅರೆದ ಯಕೃತ್ತಿನಲ್ಲಿ, 1971ರ ನೊಬೆಲ್ ಕೂಡ ಬಂತು. ಜೀವಂತ ಕೋಶದ ಯಾವ ಮೂಲೆಯಲ್ಲಿ ಅದು ಏರುತ್ತದೆಂದು ನೋಡಲು ಸಂವೇದಕಗಳೇ ಬರಬೇಕಾಯಿತು.

ಚಿತ್ರಗಳ ಬಗ್ಗೆ ಇನ್ನೊಂದು ಮಾತು. ಸಾಯುತ್ತಿರುವ ಕೋಶದೊಳಗೆ ಹೊರಗಿನ ಕ್ಯಾಲ್ಸಿಯಂ ನುಗ್ಗುತ್ತದೆ, ಹಾಗಾಗಿ ಎಷ್ಟೋ ಸಲ ಅದೇ ಎಲ್ಲಕ್ಕಿಂತ ಚೆಂದ ಹೊಳೆಯುತ್ತದೆ! ಮುಂದೆ ಇಂಥ ಚಿತ್ರ ಹಾಕುವಾಗ ಯಾವ ಬಣ್ಣಕ್ಕೆ ಎಷ್ಟು ಎಂದು ಹೇಳುವ ಪಕ್ಕದ ಬಣ್ಣದ ಪಟ್ಟಿಯನ್ನು ಕತ್ತರಿಸಬೇಡಿ. ಅದು ನಿಜವಾದ ಪ್ರಮಾಣವೋ, ಬರೀ ಹೊಳಪಿನ ಬದಲಾವಣೆಯೋ ಎಂಬುದನ್ನು ಅಡಿಬರಹದಲ್ಲಿ ಒಂದು ಸಾಲು ಬರೆಯಿರಿ.

— ಕೋಶವಿಜ್ಞಾನ ಪ್ರಯೋಗಾಲಯದ ಒಬ್ಬ ಓದುಗ