ಒಂದು ಕೋಲಿಗಾಗಿ ಹೋದ ಮರ್ಯಾದೆ

ಮಾನ್ಯ ಸಂಪಾದಕರೇ,

ಎರಡು ವಾರದ ಹಿಂದೆ ಓದುಗರ ಪತ್ರಗಳಲ್ಲಿ ನಿವೃತ್ತ ಮೇಷ್ಟ್ರೊಬ್ಬರು ಬರೆದಿದ್ದರು. ಆನ್‌ಲೈನ್ ಆಟದಲ್ಲಿ ಕೊಂದು, ಕದ್ದು ಅಭ್ಯಾಸವಾದ ಹುಡುಗರಿಗೆ ಸರಿ ಯಾವುದು ತಪ್ಪು ಯಾವುದು ಅನ್ನುವುದೇ ಮರೆತುಹೋಗುತ್ತದೆ, ಇವನ್ನೆಲ್ಲ ಒಟ್ಟಿಗೆ ನಿಲ್ಲಿಸಿಬಿಡಬೇಕು ಅಂತ. ಹೋದ ಭಾನುವಾರ ಒಬ್ಬ ಹುಡುಗ ಅದಕ್ಕೆ ಉತ್ತರ ಕೊಟ್ಟ. ಅದು ಬರೀ ಆಟ ಸಾರ್, ಅಲ್ಲಿ ಸತ್ತವರು ಎದ್ದು ಬರುತ್ತಾರೆ, ಸುಮ್ನೆ ತಲೆ ಕೆಡಿಸಿಕೊಳ್ಳಬೇಡಿ ಅಂದ. ಇಬ್ಬರ ಮಾತೂ ನನಗೆ ಹಿಡಿಸಲಿಲ್ಲ. ನಾನು 2008ರಿಂದ ಈ ಆಟಗಳನ್ನು ಆಡುತ್ತಾ ಬಂದವನು. ಅಷ್ಟೇ ಅಲ್ಲ, ಒಂದು ಸಲ ಅಲ್ಲಿ ಕದ್ದು ಸಿಕ್ಕಿಬಿದ್ದವನು. ಹಾಗಾಗಿ ಮಾತಾಡಲು ನನಗೂ ಸ್ವಲ್ಪ ಹಕ್ಕಿದೆ ಅಂದುಕೊಂಡಿದ್ದೇನೆ.

ದುಡ್ಡು ಕಟ್ಟಿ ಆಡುವ ರಮ್ಮಿ, ಬೆಟ್ಟಿಂಗ್ ವಿಷಯ ನಾನು ಎತ್ತುತ್ತಿಲ್ಲ. 2025ರ ಆಗಸ್ಟ್‌ನಲ್ಲಿ ಬಂದ ಕೇಂದ್ರದ ಕಾಯ್ದೆಯಲ್ಲೂ ದುಡ್ಡಿನ ಆಟವನ್ನು ಬೇರೆ ಇಟ್ಟಿದ್ದಾರೆ, ಮಿಕ್ಕ ಆಟಗಳನ್ನು ಬೇರೆ ಇಟ್ಟಿದ್ದಾರೆ. ಮೇಷ್ಟ್ರು ಎರಡನ್ನೂ ಒಂದೇ ಚೀಲಕ್ಕೆ ತುಂಬಿದ್ದಾರೆ. ನಾನು ಹೇಳುವುದು ರೋಲ್ ಪ್ಲೇಯಿಂಗ್ ಆಟಗಳ ಬಗ್ಗೆ. ನೀವೊಂದು ವೇಷ ಹಾಕಿಕೊಂಡು ಆ ಲೋಕದೊಳಗೆ ಹೋಗುತ್ತೀರಿ, ಅಲ್ಲಿ ನಿಮ್ಮ ಹಾಗೇ ವೇಷ ಹಾಕಿಕೊಂಡ ಸಾವಿರಾರು ಜನ ಇರುತ್ತಾರೆ. ಬಯಲಾಟದ ಹಾಗೆಯೇ, ಆದರೆ ಭಾಗವತರಿಲ್ಲ. ಪ್ರಸಂಗ ನೀವೇ ನಡೆಸಬೇಕು.

ಈಗ ನನ್ನ ಕಥೆ. 2009, ಬೆಂಗಳೂರು, ಬಾಡಿಗೆ ರೂಮು. ರಾತ್ರಿ ಎರಡರಿಂದ ಬೆಳಗ್ಗೆ ಎಂಟರವರೆಗೆ ಎಷ್ಟು ಬೇಕಾದರೂ ಇಂಟರ್ನೆಟ್ ಬಳಸಬಹುದು ಅನ್ನುವ ಪ್ಲಾನ್ ಇತ್ತು, ಅದಕ್ಕೆ ಅಲಾರಂ ಇಟ್ಟುಕೊಂಡು ಎದ್ದು ವರ್ಲ್ಡ್ ಆಫ್ ವಾರ್‌ಕ್ರಾಫ್ಟ್ ಆಡುತ್ತಿದ್ದೆ. ಯುರೋಪಿನ ಸರ್ವರ್. ನನ್ನದು ಗುರಾಣಿ ಹಿಡಿದು ಮುಂದೆ ನಿಂತು ಪೆಟ್ಟು ತಿನ್ನುವ ಪಾತ್ರ, ಟ್ಯಾಂಕ್ ಅಂತಾರೆ. ಐದು ಜನ ಸೇರಿ ಡಂಜನ್‌ಗೆ, ಅಂದರೆ ರಾಕ್ಷಸರು ತುಂಬಿದ ಕೋಟೆಯೋ ಗುಹೆಯೋ ಅಂಥ ಕಡೆಗೆ, ಹೋಗುವುದು: ಒಬ್ಬ ಟ್ಯಾಂಕ್, ಒಬ್ಬ ಗಾಯ ವಾಸಿಮಾಡುವ ಹೀಲರ್, ಮೂವರು ಹೊಡೆಯುವವರು. ಕೊನೆಯ ರಾಕ್ಷಸ ಸತ್ತಾಗ ಒಂದು ಸಾಮಾನು ಬೀಳುತ್ತದೆ. ಆಗ ಎಲ್ಲರ ಪರದೆಯ ಮೇಲೂ ಬಟನ್ ಬರುತ್ತವೆ. ಒಂದು ನೀಡ್, ಅಂದರೆ ಅಗತ್ಯ. ಇನ್ನೊಂದು ಗ್ರೀಡ್, ಅಂದರೆ ದುರಾಸೆ. ನಿಜವಾಗಿ ಬೇಕಾದವನು ನೀಡ್ ಒತ್ತಬೇಕು. ಬೇಕಾಗಿಲ್ಲ, ಆದರೆ ಮಾರಿದರೆ ನಾಲ್ಕು ಕಾಸು ಬರುತ್ತದೆ ಅನ್ನುವವನು ಗ್ರೀಡ್ ಒತ್ತಬೇಕು. ಯಾರಾದರೂ ನೀಡ್ ಒತ್ತಿದರೆ ಗ್ರೀಡ್‌ನವರಿಗೆ ಸಿಗುವುದಿಲ್ಲ. ತಮಾಷೆ ನೋಡಿ, ಈ ಲೋಕದಲ್ಲಿ ದುರಾಸೆಯ ಬಟನ್ ಒತ್ತುವವನೇ ಸಭ್ಯಸ್ಥ.

ಅವತ್ತು ಬಿದ್ದದ್ದು ಒಂದು ಕೋಲು. ಹೀಲರ್‌ಗಳು ವಾರಗಟ್ಟಲೆ ಕಾಯುವಂಥದ್ದು. ನಮ್ಮ ಜತೆಗಿದ್ದ ಹೀಲರ್ ಸುಮಾರು ಎರಡು ಗಂಟೆ ನನ್ನ ಜೀವ ಉಳಿಸಿದ್ದ, ಅದೂ ನಾನು ಎರಡು ಸಲ ಆತುರ ಬಿದ್ದು ರಾಕ್ಷಸರ ಗುಂಪನ್ನೇ ಎಳೆದು ತಂದಿದ್ದರೂ. ನನಗೆ ಹಾರುವ ವಾಹನ ಓಡಿಸುವ ವಿದ್ಯೆಗೆ ಐದು ಸಾವಿರ ಚಿನ್ನ, ಅಂದರೆ ಆ ಆಟದ ದುಡ್ಡು, ಕೂಡಿಸಬೇಕಿತ್ತು. ನೀಡ್ ಒತ್ತಿದೆ. ದಾಳ ಉರುಳಿತು, ಅವನಿಗಿಂತ ನನ್ನ ಸಂಖ್ಯೆ ನಾಲ್ಕು ಜಾಸ್ತಿ ಬಂತು. ಒಂದು ನಿಮಿಷ ಯಾರೂ ಏನೂ ಟೈಪ್ ಮಾಡಲಿಲ್ಲ. ಆಮೇಲೆ ಅವನು ಕೇಳಿದ್ದು ಇಷ್ಟೇ: ಅದು ನಿನಗೆ ಯಾಕೆ? ನಾನು ಗುಂಪು ಬಿಟ್ಟು ಹೋದೆ. ಅಂಗಡಿಯಲ್ಲಿ ಮಾರಿದರೆ ಸಿಕ್ಕಿದ್ದು ಹತ್ತೋ ಹನ್ನೊಂದೋ ಚಿನ್ನ.

ಮಾರನೇ ರಾತ್ರಿ ಲಾಗಿನ್ ಆದಾಗ ಎಲ್ಲರೂ ಓದುವ ಟ್ರೇಡ್ ಚಾನೆಲ್‌ನಲ್ಲಿ ನನ್ನ ಹೆಸರು ಓಡುತ್ತಿತ್ತು. ಹೀಗೆ ಕದಿಯುವವರಿಗೆ ಅಲ್ಲಿ ನಿಂಜಾ ಅಂತಾರೆ. ನಮ್ಮ ಗಿಲ್ಡ್, ಅಂದರೆ ಆಟಗಾರರ ಕೂಟ, ನಡೆಸುತ್ತಿದ್ದವರು ಫಿನ್ಲೆಂಡ್‌ನ ಒಬ್ಬ ಹೆಂಗಸು, ಮಕ್ಕಳನ್ನು ಮಲಗಿಸಿ ಬಂದು ಆಡುತ್ತಿದ್ದರು. ನಿಜವಾ ಅಂತ ಕೇಳಿದರು. ಕೈ ತಪ್ಪಿ ಒತ್ತಿದೆ ಅಂದೆ. ಸರಿ, ಹಾಗಾದರೆ ಕೋಲು ತೋರಿಸು ಅಂದರು. ಎಲ್ಲಿಂದ ತೋರಿಸಲಿ? ಬೈಯಲೂ ಇಲ್ಲ, ಗಿಲ್ಡ್‌ನಿಂದ ತೆಗೆದುಹಾಕಿದರು. ಟ್ಯಾಂಕ್ ಸಿಗದೆ ಜನ ಅರ್ಧ ಗಂಟೆ, ಮುಕ್ಕಾಲು ಗಂಟೆ ಕೂಗುತ್ತಿದ್ದ ಕಾಲ ಅದು. ಆದರೂ ನಾನು ಬರುತ್ತೇನೆ ಅಂದರೆ, ಹೆಸರು ನೋಡಿ, ಬೇಡ ಬಿಡು ಅನ್ನುತ್ತಿದ್ದರು. ಮೂರು ತಿಂಗಳು ಹೀಗೇ ನಡೆಯಿತು. ಕೊನೆಗೆ ಆ ಹೀಲರ್‌ಗೆ ಆಟದೊಳಗಿನ ಅಂಚೆಯಲ್ಲಿ ಒಂದು ಕ್ಷಮೆಯ ಕಾಗದ ಬರೆದು, ಜತೆಗೆ ಐವತ್ತು ಚಿನ್ನ ಇಟ್ಟು ಕಳಿಸಿದೆ. ಚಿನ್ನ ವಾಪಸ್ ಬಂತು. ಕಾಗದದಲ್ಲಿ ಒಂದಕ್ಷರ ಇಲ್ಲ.

ಮೇಷ್ಟ್ರೇ, ನನಗೆ ಶಿಕ್ಷೆ ಕೊಟ್ಟದ್ದು ಆಟವಲ್ಲ. ಆಟದ ಲೆಕ್ಕದಲ್ಲಿ ನಾನು ಮಾಡಿದ್ದು ಒಂದು ಬಟನ್ ಒತ್ತಿದ್ದು ಅಷ್ಟೇ. ಶಿಕ್ಷೆ ಕೊಟ್ಟದ್ದು ಆ ಊರು. ಸರ್ವರ್ ಅಂದರೆ ಒಂದು ಊರೇ ಆಗಿತ್ತು, ಇವತ್ತು ಸಿಕ್ಕವರು ನಾಳೆಯೂ ಸಿಗುತ್ತಿದ್ದರು.

ಅದೇ ವರ್ಷ ಡಿಸೆಂಬರ್‌ನಲ್ಲಿ ಡಂಜನ್ ಫೈಂಡರ್ ಅಂತ ಒಂದು ಸೌಲಭ್ಯ ಬಂತು. ಬಟನ್ ಒತ್ತಿದರೆ ಸಾಕು, ಬೇರೆ ಬೇರೆ ಸರ್ವರ್‌ಗಳಿಂದ ನಾಲ್ಕು ಜನರನ್ನು ಹುಡುಕಿ ಜೋಡಿಸಿಕೊಡುತ್ತದೆ, ಕೆಲಸ ಮುಗಿದ ಮೇಲೆ ಯಾರಿಗೆ ಯಾರೂ ಇಲ್ಲ. ಭಾಳ ಅನುಕೂಲ ಆಯಿತು, ಸುಳ್ಳು ಯಾಕೆ ಹೇಳಲಿ. ಬೇರೆಯವರ ಸಾಮಾನಿಗೆ ನೀಡ್ ಒತ್ತದ ಹಾಗೆ ಆಟದಲ್ಲೇ ಒಂದಷ್ಟು ಕಡಿವಾಣವನ್ನೂ ಹಾಕಿದರು. ಆದರೆ ನಮಸ್ಕಾರ ಅನ್ನುವವರೂ ಕಡಿಮೆಯಾದರು. ಹೊಸಬ ಒಂದು ತಪ್ಪು ಮಾಡಿದರೆ ಹೇಳಿಕೊಡುವ ಬದಲು ಓಟು ಹಾಕಿ ಹೊರಗೆ ಕಳಿಸುವುದು ಶುರುವಾಯಿತು. ಇದು ನಮಗೇನೂ ಹೊಸದಲ್ಲ. ಹಳ್ಳಿ ಬಸ್ಸಿನಲ್ಲಿ ಕಿಟಕಿಯಿಂದ ಟವೆಲ್ ಹಾಕಿ ಸೀಟು ಹಿಡಿದವನೂ ಪಕ್ಕದ ಮನೆ ಅಜ್ಜಿ ಹತ್ತಿದರೆ ಎದ್ದು ನಿಲ್ಲುತ್ತಾನೆ, ಇಲ್ಲದಿದ್ದರೆ ಸಂಜೆಯೊಳಗೆ ಅವನ ಅಮ್ಮನಿಗೆ ಸುದ್ದಿ ಮುಟ್ಟಿರುತ್ತದೆ. ಅದೇ ಮನುಷ್ಯ ಮೆಜೆಸ್ಟಿಕ್‌ನಲ್ಲಿ ಹತ್ತಿದರೆ ಕಿಟಕಿ ಕಡೆ ಮುಖ ತಿರುಗಿಸಿ ನಿದ್ದೆ ಬಂದವನ ಹಾಗೆ ಕೂರುತ್ತಾನೆ. ಮನುಷ್ಯ ಕೆಟ್ಟಿಲ್ಲ, ಬಸ್ಸು ಬದಲಾಗಿದೆ.

ಆಟ ಕಟ್ಟುವವರು ಈ ಸರಿ ತಪ್ಪಿನ ಲೆಕ್ಕವನ್ನು ತಾವೇ ಇಡಲು ನೋಡಿದ್ದೂ ಉಂಟು. ಅಮೆರಿಕದ ರಿಚರ್ಡ್ ಗ್ಯಾರಿಯಟ್ 1985ರಲ್ಲಿ ಅಲ್ಟಿಮಾ 4 ಮಾಡಿದರು. ಆಗ ಇಂಟರ್ನೆಟ್ ಆಟವಲ್ಲ, ಒಬ್ಬರೇ ಆಡುವುದು. ಅವರ ಹಿಂದಿನ ಆಟಗಳಲ್ಲಿ ಜನ ಕದ್ದು ಕೊಂದೇ ಗೆಲ್ಲುತ್ತಿದ್ದರು, ಅಪ್ಪ ಅಮ್ಮಂದಿರ ಪತ್ರಗಳು ಬಂದವು. ಹಾಗಾಗಿ ಎಂಟು ಗುಣಗಳಲ್ಲಿ ಬೆಳೆಯುವುದೇ ಗುರಿ ಅಂತ ಆಟ ಕಟ್ಟಿದರು. ಅದರಲ್ಲಿ ಮಂತ್ರದ ಮೂಲಿಕೆ ಮಾರುವ ಒಬ್ಬ ಕುರುಡಿ ಬರುತ್ತಾಳೆ. ಎಷ್ಟು ದುಡ್ಡು ಕೊಡುತ್ತೀರಿ ಅಂತ ನೀವೇ ಟೈಪ್ ಮಾಡಬೇಕು. ಒಂದೇ ನಾಣ್ಯ ಕೊಟ್ಟರೂ ತೆಗೆದುಕೊಳ್ಳುತ್ತಾಳೆ. ಗಂಟೆ ಬಾರಿಸುವುದಿಲ್ಲ, ಕೆಂಪು ಅಕ್ಷರ ಬರುವುದಿಲ್ಲ. ಆದರೆ ಒಳಗೆಲ್ಲೋ ನಿಮ್ಮ ಪ್ರಾಮಾಣಿಕತೆಯ ಅಂಕ ಇಳಿದಿರುತ್ತದೆ, ಗೊತ್ತಾಗುವುದು ಎಷ್ಟೋ ಹೊತ್ತಿನ ಮೇಲೆ. ಚಿತ್ರಗುಪ್ತ ಪುಸ್ತಕ ಮುಚ್ಚಿಟ್ಟುಕೊಂಡಿದ್ದಾನೆ.

2011ರ ಕೊನೆಗೆ ಬಂದ ಸ್ಟಾರ್ ವಾರ್ಸ್‌ನ ಆನ್‌ಲೈನ್ ಆಟದಲ್ಲಿ ಪುಸ್ತಕ ತೆರೆದೇ ಇದೆ. ಒಳ್ಳೇ ಉತ್ತರಕ್ಕೆ ಬೆಳಕಿನ ಅಂಕ, ಕೆಟ್ಟದ್ದಕ್ಕೆ ಕತ್ತಲ ಅಂಕ. ನಾಲ್ಕು ಜನ ಸೇರಿ ಆಡುವಾಗ ಒಂದು ಹಡಗಿನ ಪ್ರಸಂಗ ಬರುತ್ತದೆ. ಮುಂದಿನ ದಾರಿ ತೆರೆಯಬೇಕಾದರೆ ಎಂಜಿನಿಯರ್‌ಗಳನ್ನು ಹಡಗಿನಿಂದ ಹೊರಗೆ, ಗಾಳಿಯಿಲ್ಲದ ಆಕಾಶಕ್ಕೆ ಎಸೆಯಬೇಕು, ಇಲ್ಲವೇ ಸುತ್ತು ಬಳಸಿ ಹೋಗಿ ಇನ್ನಷ್ಟು ಹೊಡೆದಾಡಬೇಕು. ಎಲ್ಲರೂ ಉತ್ತರ ಆರಿಸುತ್ತಾರೆ, ದಾಳದಲ್ಲಿ ಗೆದ್ದವನ ಮಾತು ನಡೆಯುತ್ತದೆ. ನಾನು ಆಡಿದಾಗಲೆಲ್ಲ ಯಾರಾದರೂ ಒಬ್ಬ, ಎಸೀರಿ ಗುರು ಬೇಗ ಮುಗಿಯುತ್ತೆ, ಅನ್ನುವ ಅರ್ಥದಲ್ಲಿ ಏನೋ ಟೈಪ್ ಮಾಡೇ ಮಾಡುತ್ತಿದ್ದ. ಇನ್ನೂ ಚೆಂದದ ವಿಷಯ ಅಂದರೆ, ನೀವು ಬೇಡ ಅಂದು, ದಾಳದಲ್ಲಿ ಸೋತು, ಆ ಪಾಪದವರು ಸತ್ತೇಹೋದರೂ ನಿಮ್ಮ ಖಾತೆಗೆ ಬೆಳಕಿನ ಅಂಕ ಜಮೆಯಾಗುತ್ತದೆ! ಎಂಜಿನಿಯರ್‌ಗಳು ಹೋದರು, ಪುಣ್ಯ ಉಳಿಯಿತು. ಒಂದೊಂದು ಸಾಮಾನು ಹಾಕಿಕೊಳ್ಳಲು ಇಷ್ಟು ಬೆಳಕು ಬೇಕು, ಇಷ್ಟು ಕತ್ತಲು ಬೇಕು ಅಂತ ಬೇರೆ ಇತ್ತು. ಹಾಗಾಗಿ ಕಥೆಯನ್ನು ಕೇಳಿಸಿಕೊಳ್ಳದೆ ಒಂದೇ ಬಣ್ಣದ ಉತ್ತರ ಒತ್ತಿಕೊಂಡು ಹೋಗುವವರೇ ಜಾಸ್ತಿ. ನಾನೂ ಹಾಗೇ ಒತ್ತಿದ್ದೇನೆ. ಅದು ಧರ್ಮ ಅಲ್ಲ ಅಧರ್ಮವೂ ಅಲ್ಲ, ಪಾಸ್‌ಬುಕ್ ಎಂಟ್ರಿ.

ಹಾಗಾದರೆ ಏನೂ ಲೆಕ್ಕ ಇಡದೆ ಜನರ ಪಾಡಿಗೆ ಬಿಟ್ಟರೆ? ಅದನ್ನೂ ಗ್ಯಾರಿಯಟ್ ನೋಡಿದ್ದಾರೆ. 1997ರಲ್ಲಿ ಅವರದೇ ಅಲ್ಟಿಮಾ ಆನ್‌ಲೈನ್ ಆರಂಭವಾದಾಗ ಊರ ಬಾಗಿಲು ದಾಟಿದ ಹೊಸಬರನ್ನು ಹಳಬರು ಕೊಂದು ಬಟ್ಟೆ ಸಮೇತ ದೋಚುತ್ತಿದ್ದರು. ಕೊಲೆಗಾರರ ಹೆಸರು ಕೆಂಪಾಗುವ ಹಾಗೆ ಮಾಡಿದರು. ಕೆಲವರಿಗೆ ಕೆಂಪೇ ಬಿರುದಾಯಿತು. ಕೊನೆಗೆ 2000ದಲ್ಲಿ ಲೋಕವನ್ನೇ ಎರಡು ಮಾಡಿದರು: ಒಂದು ಕಡೆ ಒಪ್ಪಿಗೆಯಿಲ್ಲದೆ ಯಾರನ್ನೂ ಹೊಡೆಯುವ ಹಾಗಿಲ್ಲ, ಇನ್ನೊಂದು ಕಡೆ ಹಳೇ ಕಾನೂನು, ಬೋಳು ಮರಗಳು. ಜನ ಹೆಚ್ಚುಕಮ್ಮಿ ಎಲ್ಲ ಗಂಟುಮೂಟೆ ಕಟ್ಟಿ ಮೊದಲನೇ ಕಡೆ ಹೋದರು.

ಎಲ್ಲ ಕಡೆ ಹೀಗೇ ಆಗುತ್ತದೆ ಅಂತಲೂ ಇಲ್ಲ. 2005ರ ಸೆಪ್ಟೆಂಬರ್‌ನಲ್ಲಿ, ನಾನಿನ್ನೂ ಆಡಲು ಶುರುಮಾಡುವ ಮೊದಲು, ವಾರ್‌ಕ್ರಾಫ್ಟ್‌ನಲ್ಲಿ ಹಕ್ಕಾರ್ ಅನ್ನುವ ರಾಕ್ಷಸನ ರೋಗ ಸಾಕುಪ್ರಾಣಿಗಳ ಮೂಲಕ ಹೊರಬಿದ್ದು ಪಟ್ಟಣಗಳಿಗೆ ಹರಡಿತು. ಹೊಸಬರು ನಿಂತಲ್ಲೇ ಸಾಯುತ್ತಿದ್ದರು, ಬೀದಿ ತುಂಬ ಅಸ್ಥಿಪಂಜರ. ಕೆಲವರು ಬೇಕಂತಲೇ ಅಂಟಿಸಿಕೊಂಡು ಸಂತೆ ಇರುವ ಕಡೆ ಹೋದರು, ಕೆಲವರು ಓಡಿಹೋದರು, ಇನ್ನು ಕೆಲವು ಹೀಲರ್‌ಗಳು, ಯಾರೂ ಹೇಳದಿದ್ದರೂ, ಒಂದು ಅಂಕವೂ ಸಿಗದಿದ್ದರೂ, ಪಟ್ಟಣದಲ್ಲೇ ನಿಂತು ಗೊತ್ತಿಲ್ಲದವರ ಜೀವ ಹಿಡಿದಿಡಲು ನೋಡಿದರು. ಸರ್ವರ್‌ಗಳನ್ನು ಮತ್ತೆ ಮೊದಲಿಂದ ಶುರುಮಾಡಬೇಕಾಯಿತು. 2007ರಲ್ಲಿ ಇಬ್ಬರು ಸಂಶೋಧಕರು ಇದರ ಮೇಲೆ ಲ್ಯಾನ್ಸೆಟ್‌ನ ಸಾಂಕ್ರಾಮಿಕ ರೋಗಗಳ ಪತ್ರಿಕೆಯಲ್ಲಿ ಬರೆದರು. ಬರೀ ಆಟ ಅಂದ ಹುಡುಗ ಇದನ್ನು ಓದಬೇಕು. 2020ರಲ್ಲಿ ನಮ್ಮ ಬೀದಿಯಲ್ಲಿ ನಾನು ಆ ಮೂರೂ ಥರದವರನ್ನು ನೋಡಿದ್ದೇನೆ.

ಇಷ್ಟೆಲ್ಲ ಬರೆಯಲು ಕಾರಣ ನನ್ನ ಅಕ್ಕನ ಮಗ. ಮೊದಲ ಪಿಯುಸಿ. ದಸರಾ ರಜೆಗೆ ಮನೆಗೆ ಬಂದಿದ್ದ. ಅವನ ಆಟದಲ್ಲಿ ಒಂದು ತಂಡ ಇವನನ್ನು ನಂಬಿ ಉಗ್ರಾಣದ ಉಸ್ತುವಾರಿ ಕೊಟ್ಟಿತ್ತು. ಇವನು ರಾತ್ರೋರಾತ್ರಿ ಎಲ್ಲ ಬಾಚಿಕೊಂಡು ಇನ್ನೊಂದು ತಂಡಕ್ಕೆ ಹೋಗಿದ್ದಾನೆ. ಅದನ್ನು ಊಟದ ಹೊತ್ತಲ್ಲಿ ಪರಾಕ್ರಮದ ಹಾಗೆ ಹೇಳಿದ. ರೂಲ್ಸ್‌ನಲ್ಲಿ ಇದೆ ಮಾಮ, ಆಟದವರೇ ಬೇಡ ಅಂದಿಲ್ಲ ಅಂದ.

ಹೌದು, ಅಂಥ ಆಟಗಳಿವೆ. ಐಸ್‌ಲೆಂಡ್‌ನವರ ಈವ್ ಆನ್‌ಲೈನ್‌ನಲ್ಲಿ ಮೋಸಕ್ಕೆ ಅಡ್ಡಿಯಿಲ್ಲ, ಅದಕ್ಕೇ ಅದು ಹೆಸರುವಾಸಿ. 2009ರಲ್ಲಿ ಅಲ್ಲಿನ ಆಟಗಾರರೇ ನಡೆಸುತ್ತಿದ್ದ ಒಂದು ಬ್ಯಾಂಕಿನಿಂದ ಅದರ ಮುಖ್ಯಸ್ಥನೇ ಆಟದ ದುಡ್ಡು 20 ಸಾವಿರ ಕೋಟಿ ಎತ್ತಿದ. ಮನೆಯ ಮುಂಗಡಕ್ಕೆ, ಮಗನ ಚಿಕಿತ್ಸೆಗೆ ಅಂತ ಅದನ್ನು ಮಾರಿ ಐದು ಸಾವಿರ ಡಾಲರ್‌ನಷ್ಟು ನಿಜವಾದ ದುಡ್ಡು ಮಾಡಿಕೊಂಡ. ಠೇವಣಿ ಇಟ್ಟವರು ವಾಪಸ್ ಪಡೆಯಲು ಮುಗಿಬಿದ್ದರು. ಕಂಪನಿ ಅವನನ್ನು ಹೊರಹಾಕಿತು. ಕದ್ದದ್ದಕ್ಕಲ್ಲ, ಆಟದ ದುಡ್ಡನ್ನು ನಿಜವಾದ ದುಡ್ಡಿಗೆ ಮಾರಿದ್ದಕ್ಕೆ. ಆಟದ ಕಾನೂನಿನ ಪ್ರಕಾರ ಕಳ್ಳತನ ಕಳ್ಳತನವೇ ಅಲ್ಲ. ಆದರೆ ದುಡ್ಡು ಇಟ್ಟವರು ಇದನ್ನು ಹಾಗೆ ನೋಡಿದರೆನ್ನುತ್ತೀರಾ? ಆಟದ ರೂಲ್ಸ್ ಒಪ್ಪಿದ್ದಕ್ಕೂ, ನಂಬಿ ಬೀಗದ ಕೈ ಕೊಟ್ಟವನು ಒಪ್ಪುವುದಕ್ಕೂ ದೂರ ಇದೆ.

ಹುಡುಗನಿಗೆ ನಾನು ಬೈಯಲಿಲ್ಲ. ಉಗ್ರಾಣದಲ್ಲಿ ಯಾರ ಸಾಮಾನಿತ್ತು ಅಂತ ಕೇಳಿದೆ. ಎಲ್ಲರ ಹೆಸರೂ ಗೊತ್ತಿತ್ತು ಅವನಿಗೆ. ಶಿರಸಿ ಕಡೆಯ ಒಬ್ಬ ಹುಡುಗನಂತೆ, ಮಳೆ ಬಂದರೆ ಕರೆಂಟು ಹೋಗುತ್ತದೆ, ಬಂದಾಗ ಎದ್ದು ಕೂತು ಆಡುತ್ತಾನಂತೆ, ಜಾಸ್ತಿ ಸಾಮಾನು ಅವನದೇ ಇತ್ತಂತೆ. ಇಷ್ಟು ಹೇಳಿ ಸಾರಿನ ಬಟ್ಟಲು ನೋಡುತ್ತಾ ಕೂತ. ಆಗ ನಾನು ನನ್ನ ಕೋಲಿನ ಕಥೆ ಹೇಳಿದೆ, ಐವತ್ತು ಚಿನ್ನ ವಾಪಸ್ ಬಂದದ್ದರವರೆಗೂ.

"ಆಮೇಲೆ ಏನ್ ಮಾಡ್ದೆ ಮಾಮ?" ಅಂದ.

ದುಡ್ಡು ಕಟ್ಟಿದರೆ ಆಟದಲ್ಲಿ ಹೆಸರು ಬದಲಿಸಿಕೊಳ್ಳಬಹುದಿತ್ತು. ಕಟ್ಟಿದೆ. ಹೊಸ ಹೆಸರಲ್ಲಿ ಅದೇ ಹೀಲರ್ ಜತೆ ಎರಡು ಸಲ ಡಂಜನ್‌ಗೆ ಹೋದೆ. ಅವನಿಗೆ ಗೊತ್ತಾಗಲಿಲ್ಲ, ನಾನೂ ಹೇಳಲಿಲ್ಲ. ಹುಡುಗನಿಗೆ ಅದನ್ನೂ ಹೇಳಿದೆ. ಅವನೇನೂ ಅನ್ನಲಿಲ್ಲ, ತಟ್ಟೆ ಎತ್ತಿಕೊಂಡು ಒಳಗೆ ಹೋದ.

ಇಂತಿ,
ಹಳೇ ಆಟಗಾರ, ಮೈಸೂರು